ಮೆಡಿಕಲ್ ಕಾಲೇಜಿಗೆ ನೂರಾರು ಕೋಟಿ ತರುವುದು ಹೇಗೆ, ತಂದ ಮೇಲೇನು?

2024ರ ಫೆಬ್ರವರಿ 26. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿರುವ ಆಲ್ಬರ್ಟ್ ಐನ್‌ಸ್ಟೈನ್ ಮೆಡಿಕಲ್ ಕಾಲೇಜಿನ ಸಭಾಂಗಣ. 93 ವರ್ಷದ ರೂತ್ ಗಾಟ್ಸ್‌ಮನ್ ಮೈಕ್ ಮುಂದೆ ನಿಂತು, ಆಗಸ್ಟ್‌ನಿಂದ ಈ ಕಾಲೇಜಿನಲ್ಲಿ ಬೋಧನಾ ಶುಲ್ಕ ಇರುವುದಿಲ್ಲ ಎಂದರು. ವಿದ್ಯಾರ್ಥಿಗಳು ಕಿರುಚಿದರು, ಅತ್ತರು, ಒಬ್ಬರನ್ನೊಬ್ಬರು ತಬ್ಬಿಕೊಂಡರು. ಆ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ಅವರು ಕೊಟ್ಟದ್ದು 100 ಕೋಟಿ ಡಾಲರ್. ಆಗಿನ ಲೆಕ್ಕದಲ್ಲಿ ಸುಮಾರು 8,300 ಕೋಟಿ ರೂಪಾಯಿ.

ಎಂಥ ದೊಡ್ಡ ಮನಸ್ಸು ಅಲ್ವಾ? ಖಂಡಿತ. ಆದರೆ ಇಂಥ ದುಡ್ಡು ಸುಮ್ನೆ ಆಕಾಶದಿಂದ ಉದುರುವುದಿಲ್ಲ. ಅಮೆರಿಕದ ಯಾವುದೇ ದೊಡ್ಡ ಮೆಡಿಕಲ್ ಕಾಲೇಜಿಗೆ ಹೋದರೂ ಅಲ್ಲಿ ದೇಣಿಗೆ ತರುವುದಕ್ಕೇ ಒಂದು ವಿಭಾಗ ಇರುತ್ತದೆ, ಅದಕ್ಕೊಬ್ಬ ಮುಖ್ಯಸ್ಥರು, ಅವರ ಕೆಳಗೆ ಸಂಬಳದ ಸಿಬ್ಬಂದಿ, ಇವರೆಲ್ಲರ ಜೊತೆ ತನ್ನ ಸಮಯದ ದೊಡ್ಡ ಪಾಲನ್ನು ಇದಕ್ಕೇ ಎತ್ತಿಡುವ ಡೀನ್. ನಮ್ಮಲ್ಲಿ ಈ ಕೆಲಸ ಇದೆ ಅನ್ನೋದೇ ಬಹಳ ಜನರಿಗೆ ಗೊತ್ತಿಲ್ಲ. ಬೆಂಗಳೂರಿನಲ್ಲೂ ಈಗ ನೂರಾರು ಕೋಟಿಯ ದೇಣಿಗೆ ಬರಲು ಶುರುವಾಗಿದೆ, ಹಾಗಾಗಿ ಇದು ಹೇಗೆ ನಡೆಯುತ್ತದೆ ಅಂತ ನಾವೂ ತಿಳಿದುಕೊಳ್ಳಬೇಕು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ದೊಡ್ಡ ದುಡ್ಡು ತರುವುದು ಕಷ್ಟ, ಅದನ್ನು ಯಾವುದಕ್ಕೆ ತರಬೇಕು ಅನ್ನೋದು ಇನ್ನೂ ಕಷ್ಟ. ಕಟ್ಟಡಕ್ಕೆ ತರುವುದನ್ನು ನಾವು ಕಲಿತಿದ್ದೇವೆ. ಕಟ್ಟಡದೊಳಗೆ ದುಡಿಯುವವರ ಸಂಬಳಕ್ಕೆ, ಓದುವವರ ಶುಲ್ಕಕ್ಕೆ ತರುವುದನ್ನು ಇನ್ನೂ ಕಲಿತಿಲ್ಲ.

ಗಾಟ್ಸ್‌ಮನ್ ಕಥೆಗೇ ವಾಪಸ್ ಬರೋಣ, ಅದರಲ್ಲಿ ಸರಕು ಜಾಸ್ತಿ ಇದೆ.

ಆಕೆ ಹೊರಗಿನವರಲ್ಲ. 1968ರಲ್ಲೇ ಐನ್‌ಸ್ಟೈನ್ ಸೇರಿದವರು, ಮಕ್ಕಳ ಕಲಿಕೆಯ ತೊಂದರೆಗಳ ಬಗ್ಗೆ ಅಲ್ಲೇ ದಶಕಗಳ ಕಾಲ ಕೆಲಸ ಮಾಡಿದವರು. ಗಂಡ ಡೇವಿಡ್ ಗಾಟ್ಸ್‌ಮನ್ ವಾರೆನ್ ಬಫೆಟ್ ಅವರ ಹಳೆಯ ಒಡನಾಡಿ, ಬಫೆಟ್ ಅವರ ಹೂಡಿಕೆ ಕಂಪನಿ ಬರ್ಕ್‌ಷೈರ್ ಹ್ಯಾಥವೇಯಲ್ಲಿ ಬಹಳ ಹಿಂದೆಯೇ ಹಣ ಹಾಕಿದ್ದವರು. 2008ರಲ್ಲೇ ಇಬ್ಬರೂ ಸೇರಿ ಈ ಕಾಲೇಜಿಗೆ 2.5 ಕೋಟಿ ಡಾಲರ್ ಕೊಟ್ಟಿದ್ದರು. 2022ರಲ್ಲಿ ಡೇವಿಡ್ ತೀರಿಕೊಂಡರು. ಹೆಂಡತಿಯ ಹೆಸರಿಗೆ ಷೇರುಗಳ ಗಂಟೊಂದನ್ನು ಬಿಟ್ಟು ಹೋಗಿದ್ದರು. ನಿನಗೆ ಸರಿ ಅನಿಸಿದ್ದನ್ನು ಮಾಡು ಅನ್ನುವುದೊಂದೇ ಸೂಚನೆ.

ಇದರ ನಡುವೆ ಇನ್ನೊಬ್ಬರಿದ್ದಾರೆ: ಐನ್‌ಸ್ಟೈನ್ ಮತ್ತು ಅದರ ಆಸ್ಪತ್ರೆ ಮಾಂಟಿಫಿಯೋರ್ ಎರಡನ್ನೂ ನಡೆಸುವ ಡಾ. ಫಿಲಿಪ್ ಓಜುವಾ, ನೈಜೀರಿಯಾದಲ್ಲಿ ಬೆಳೆದ ಮಕ್ಕಳ ವೈದ್ಯ. 2020ರ ಆರಂಭದಲ್ಲಿ ಫ್ಲೋರಿಡಾಕ್ಕೆ ಹೋಗುವ ಬೆಳಗಿನ ಆರರ ವಿಮಾನದಲ್ಲಿ ಅವರೂ ರೂತ್ ಅವರೂ ಅಕ್ಕಪಕ್ಕ ಕೂತರು. ಅವರಿಬ್ಬರು ಗಂಟೆಗಟ್ಟಲೆ ಮಾತಾಡಿದ್ದು ಅದೇ ಮೊದಲು. ಕೆಲವೇ ವಾರಗಳಲ್ಲಿ ಕೋವಿಡ್ ಬಂತು. ಡೇವಿಡ್‌ಗೆ ಕಾಯಿಲೆ ಜೋರಾಯಿತು, ರೂತ್‌ಗೂ ಸ್ವಲ್ಪ ತಗುಲಿತು. ಓಜುವಾ ಆಂಬ್ಯುಲೆನ್ಸ್ ಕಳಿಸಿ ಆಸ್ಪತ್ರೆಗೆ ಕರೆಸಿಕೊಂಡರು. ಆಮೇಲೆ ಸುಮಾರು ಮೂರು ವಾರ, ದಿನವೂ, ಮೈತುಂಬಾ ರಕ್ಷಣಾ ಉಡುಪು ಹಾಕಿಕೊಂಡು ಅವರ ಮನೆಗೇ ಹೋಗಿ ನೋಡಿ ಬರುತ್ತಿದ್ದರು. ನಂತರ ಟ್ರಸ್ಟಿಗಳ ಮಂಡಳಿಯ ಅಧ್ಯಕ್ಷರಾಗಿ ಎಂದು ಆಕೆಯನ್ನು ಕೇಳಿದರು. ಅಷ್ಟು ವಯಸ್ಸಾದವರನ್ನು!

2023ರ ಡಿಸೆಂಬರ್‌ನಲ್ಲಿ ರೂತ್ ಓಜುವಾ ಅವರನ್ನು ಭೇಟಿಯಾಗಿ, ಈ ಕಾಲೇಜನ್ನೇ ಬದಲಿಸುವಂಥ ದೇಣಿಗೆ ಯಾರಾದರೂ ಕೊಟ್ಟರೆ ಏನು ಮಾಡುತ್ತೀರಿ ಎಂದು ಕೇಳಿದರು. ಓಜುವಾ ತಲೆಯಲ್ಲಿ ಮೂರು ಉತ್ತರ ಇತ್ತು. ಮೊದಲನೆಯದು ಓದು ಉಚಿತ ಮಾಡುವುದು, ಅಂತ ಶುರು ಮಾಡಿದ್ದಷ್ಟೇ, ನನಗೆ ಬೇಕಿರುವುದೂ ಅದೇ ಎಂದು ಆಕೆ ಹೇಳಿದರು. ಉಳಿದ ಎರಡನ್ನು ಅವರು ಬಾಯಿಬಿಡಲೇ ಇಲ್ಲ.

ಈ ಕಡೆಯ ತುಣುಕು ನನಗೆ ಬಹಳ ಇಷ್ಟ. ಉತ್ತರ ಆ ಮನುಷ್ಯನ ನಾಲಗೆಯ ತುದಿಯಲ್ಲೇ ಇತ್ತು. ಸಮಿತಿ ಮಾಡಿ ಹೇಳುತ್ತೇನೆ, ಪ್ರಸ್ತಾವನೆ ಕಳಿಸುತ್ತೇನೆ ಅನ್ನಲಿಲ್ಲ. ಮೊದಲ ಉತ್ತರ ಸಿಕ್ಕಾಗ ಸುಮ್ಮನಾಗುವುದೂ ಗೊತ್ತಿತ್ತು. ಇಡೀ ಘಟನೆಯಲ್ಲಿ 'ನಮಗೆ ದುಡ್ಡು ಕೊಡಿ' ಅನ್ನುವ ಮಾತು ಎಲ್ಲೂ ಕಾಣುವುದಿಲ್ಲ, ನೋಡಿ.

ಇದನ್ನು ನಸೀಬು ಅಂತ ತಳ್ಳಿಹಾಕಬಹುದು. ವಿಮಾನದ ಸೀಟು ನಸೀಬೇ ಇರಬಹುದು. ಆದರೆ ಈ ವೃತ್ತಿಯವರು ಮಾಡುವುದೇ ಇಂಥ ನಸೀಬಿಗೆ ಜಾಗ ಮಾಡಿಕೊಡುವುದು. ಹನಿಹನಿ ಗೂಡಿದರೆ ಹಳ್ಳ ಅನ್ನುತ್ತೇವಲ್ಲ, ವಿಶ್ವವಿದ್ಯಾಲಯದ ದೇಣಿಗೆಯ ಲೋಕದಲ್ಲಿ ಅದು ನಡೆಯುವುದಿಲ್ಲ. ಅಲ್ಲಿ ಬರುವ ಹಣದ ಬಹುಪಾಲು ಕೆಲವೇ ಕೆಲವು ಜೇಬುಗಳಿಂದ ಬರುತ್ತದೆ. ಹಾಗಾಗಿ ಒಬ್ಬ ದೇಣಿಗೆ ಅಧಿಕಾರಿಯ ಕೈಯಲ್ಲಿ ನೂರು, ನೂರೈವತ್ತು ಕುಟುಂಬಗಳ ಪಟ್ಟಿ ಇರುತ್ತದೆ. ಯಾರ ಕಂಪನಿ ಮಾರಾಟವಾಯಿತು, ಯಾರ ಮಗಳು ಡಾಕ್ಟರಾದಳು, ಯಾರ ತಾಯಿಗೆ ಪಾರ್ಕಿನ್‌ಸನ್ ಇದೆ, ಯಾರು ಯಾವ ಪ್ರೊಫೆಸರ್ ಜೊತೆ ಮಾತಾಡಿ ಖುಷಿಪಟ್ಟರು, ಎಲ್ಲಾ ಬರೆದಿಟ್ಟಿರುತ್ತಾರೆ. ಮೊದಲ ಭೇಟಿಯಿಂದ ದೊಡ್ಡ ಚೆಕ್ಕಿನವರೆಗೆ ಎಷ್ಟೋ ವರ್ಷ ಹಿಡಿಯುತ್ತದೆ. ಕೇಳುವ ದಿನ ಒಂದೇ ದಿನ, ಉಳಿದದ್ದೆಲ್ಲ ಅದಕ್ಕೆ ಮುಂಚಿನ ಮತ್ತು ಆಮೇಲಿನ ಕೆಲಸ. ಕೊಟ್ಟ ಮೇಲೆ ವರ್ಷವರ್ಷವೂ ಲೆಕ್ಕ ಒಪ್ಪಿಸುವುದು, ಆ ಹಣದಲ್ಲಿ ಓದಿದ ಹುಡುಗಿಯನ್ನು ಕರೆತಂದು ಭೇಟಿ ಮಾಡಿಸುವುದು. ಒಮ್ಮೆ ಕೊಟ್ಟವರೇ ಇನ್ನೊಮ್ಮೆ ಜಾಸ್ತಿ ಕೊಡುತ್ತಾರೆ. ಗಾಟ್ಸ್‌ಮನ್ ಅವರ 2008 ಮತ್ತು 2024ರ ನಡುವಿನ ಅಂತರವನ್ನೇ ನೋಡಿ.

ಮೆಡಿಕಲ್ ಕಾಲೇಜಿನ ವಿಷಯದಲ್ಲಿ ಇನ್ನೊಂದು ತಿರುವು ಇದೆ. ಎಂಜಿನಿಯರಿಂಗ್ ಕಾಲೇಜಿಗೆ ಹಳೆಯ ವಿದ್ಯಾರ್ಥಿಗಳೇ ದೊಡ್ಡ ದಾನಿಗಳು. 2022ರಲ್ಲಿ ಇಂಡಿಗೋ ವಿಮಾನ ಸಂಸ್ಥೆಯ ಸಹಸ್ಥಾಪಕ ರಾಕೇಶ್ ಗಂಗ್ವಾಲ್ ತಾನು ಓದಿದ ಐಐಟಿ ಕಾನ್ಪುರಕ್ಕೆ, ಅಲ್ಲಿ ಕಟ್ಟಲು ಹೊರಟ ವೈದ್ಯಕೀಯ ಶಾಲೆಗಾಗಿ, 100 ಕೋಟಿ ರೂಪಾಯಿ ಕೊಟ್ಟರು. ಡಾಕ್ಟರುಗಳ ಬದುಕು ಹಾಗಲ್ಲ. ಓದು ಮುಗಿಯುವಷ್ಟರಲ್ಲಿ ವಯಸ್ಸು ಮೂವತ್ತು ದಾಟಿರುತ್ತದೆ, ಅಮೆರಿಕದಲ್ಲಾದರೆ ತಲೆ ಮೇಲೆ ಸಾಲ ಬೇರೆ. ಐನ್‌ಸ್ಟೈನ್‌ನಲ್ಲೇ ಅರ್ಧದಷ್ಟು ವಿದ್ಯಾರ್ಥಿಗಳು 2 ಲಕ್ಷ ಡಾಲರ್‌ಗಿಂತ ಜಾಸ್ತಿ ಸಾಲ ಹೊತ್ತು ಹೊರಬರುತ್ತಿದ್ದರು. ಹಾಗಾಗಿ ಮೆಡಿಕಲ್ ಕಾಲೇಜಿಗೆ ದೊಡ್ಡ ಹಣ ಬರುವುದು ಬಹುಮಟ್ಟಿಗೆ ಇನ್ನೊಂದು ಬಾಗಿಲಿನಿಂದ. ಅದರ ಆಸ್ಪತ್ರೆಯಲ್ಲಿ ಗುಣವಾದ ಸಿರಿವಂತ ರೋಗಿಗಳು, ಅವರ ಮನೆಯವರು.

ಇಲ್ಲಿ ನನಗೆ ಸ್ವಲ್ಪ ಕಸಿವಿಸಿ. ಅಮೆರಿಕದ ಕೆಲವು ಆಸ್ಪತ್ರೆಗಳು ಹಿಂದಿನ ದಿನ ದಾಖಲಾದ ರೋಗಿಗಳ ಪಟ್ಟಿಯನ್ನು ಸಾಫ್ಟ್‌ವೇರ್‌ಗೆ ಹಾಕಿ ಯಾರ ಆಸ್ತಿ ಎಷ್ಟು ಅಂತ ಜಾಲಾಡುತ್ತವೆ. ದೊಡ್ಡ ಕುಳ ಸಿಕ್ಕರೆ ಯಾರೋ ಹೋಗಿ ಮಾತಾಡಿಸುತ್ತಾರೆ, ಅನುಕೂಲ ವಿಚಾರಿಸುತ್ತಾರೆ. ಅಲ್ಲಿನ ಕಾನೂನು ಇದಕ್ಕೆ ಅಡ್ಡಿ ಮಾಡುವುದಿಲ್ಲ. 2013ರ ತಿದ್ದುಪಡಿಯ ನಂತರ ರೋಗಿಗೆ ಯಾವ ವಿಭಾಗದಲ್ಲಿ, ಯಾವ ವೈದ್ಯರಿಂದ ಚಿಕಿತ್ಸೆ ಆಯಿತು ಎಂಬುದನ್ನೂ ದೇಣಿಗೆ ಕೇಳಲು ಬಳಸಿಕೊಳ್ಳಬಹುದು. ಬೇಡ ಅಂತ ಹೇಳುವ ಹಕ್ಕು ರೋಗಿಗೆ ಇದೆ, ಅಷ್ಟೇ. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಮಾತ್ರ ವೈದ್ಯರು ತಮ್ಮ ರೋಗಿಗಳನ್ನು ನೇರವಾಗಿ, ಅದರಲ್ಲೂ ಚಿಕಿತ್ಸೆಯ ಹೊತ್ತಿನಲ್ಲಿ, ಕೇಳಬಾರದು ಎನ್ನುತ್ತದೆ. ಸರಿಯಾದ ಮಾತು. ನಾಳೆ ಆಪರೇಷನ್ ಮಾಡುವವರು ಇವತ್ತು ದೇಣಿಗೆ ಕೇಳಿದರೆ ಬೇಡ ಅನ್ನುವ ಧೈರ್ಯ ಯಾರಿಗಿದೆ? ಹಾಗಾದರೆ ಓಜುವಾ ಮನೆಗೆ ಹೋಗಿ ನೋಡಿದ್ದು? ಅವರು ಆಗ ಏನನ್ನೂ ಕೇಳಲಿಲ್ಲ, ಅದು ನಿಜ. ಬ್ರಾಂಕ್ಸ್‌ನ ಎಲ್ಲ ರೋಗಿಗಳ ಮನೆಗೂ ಸಂಸ್ಥೆಯ ಮುಖ್ಯಸ್ಥರು ದಿನಾ ಹೋಗುತ್ತಿರಲಿಲ್ಲ ಅನ್ನುವುದೂ ಅಷ್ಟೇ ನಿಜ. ಎರಡನ್ನೂ ಒಟ್ಟಿಗೇ ನೆನಪಿಟ್ಟುಕೊಳ್ಳಬೇಕು. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಬಂದಿದೆ. ಚಿಕಿತ್ಸೆಗೆಂದು ಒಪ್ಪಿಗೆ ಪಡೆದು ತೆಗೆದುಕೊಂಡ ವಿವರವನ್ನು ಇನ್ನೊಂದಕ್ಕೆ ಬಳಸಬಾರದು ಅನ್ನುವುದು ಅದರ ತಿರುಳು. ಬೆಂಗಳೂರಿನಲ್ಲಿ ಈ ಕೆಲಸ ಶುರು ಮಾಡುವವರು ಮೊದಲ ದಿನವೇ ಇದನ್ನು ಓದಿಕೊಳ್ಳುವುದು ಒಳ್ಳೆಯದು.

ಇನ್ನು ಷರತ್ತಿನ ವಿಷಯ. ದಾನಿ ಷರತ್ತು ಹಾಕಬಹುದೇ? ಹಾಕಬಾರದು ಅಂತ ಥಟ್ಟನೆ ಹೇಳುವವರು ಜಾನ್ಸ್ ಹಾಪ್ಕಿನ್ಸ್ ಕಥೆ ಕೇಳಬೇಕು. ಬಾಲ್ಟಿಮೋರ್‌ನ ಆ ವಿಶ್ವವಿದ್ಯಾಲಯದ ಇಡುಗಂಟಿನ (ಅಸಲು ಮುಟ್ಟದೆ ಅದರ ಆದಾಯವನ್ನಷ್ಟೇ ಖರ್ಚು ಮಾಡುವ ನಿಧಿ) ದೊಡ್ಡ ಪಾಲು ಒಂದೇ ರೈಲು ಕಂಪನಿಯ ಷೇರಿನಲ್ಲಿತ್ತು. 1880ರ ದಶಕದಲ್ಲಿ ಆ ಕಂಪನಿ ಕುಸಿದು ಲಾಭಾಂಶ ನಿಂತಿತು, ಮೆಡಿಕಲ್ ಕಾಲೇಜು ತೆರೆಯಲು ಕಾಸಿಲ್ಲದಂತಾಯಿತು. ಆಗ ಮುಂದೆ ಬಂದವರು ಅದೇ ರೈಲು ಕಂಪನಿಯ ಅಧ್ಯಕ್ಷರಾಗಿದ್ದವರ ಮಗಳು ಮೇರಿ ಗ್ಯಾರೆಟ್ ಮತ್ತು ಗೆಳತಿಯರು. 5 ಲಕ್ಷ ಡಾಲರ್ ಬೇಕು ಅಂದರು ಟ್ರಸ್ಟಿಗಳು. ಗೆಳತಿಯರು ಊರೂರಲ್ಲಿ ಸಮಿತಿ ಮಾಡಿ ಒಂದಷ್ಟು ಕೂಡಿಸಿದರು. ಉಳಿದ 3 ಲಕ್ಷ ಚಿಲ್ಲರೆ ಡಾಲರನ್ನು ಗ್ಯಾರೆಟ್ ಒಬ್ಬರೇ ಕೊಟ್ಟರು. ಮುಖ್ಯ ಷರತ್ತು ಎರಡು: ಗಂಡಸರಿಗೆ ಇರುವ ನಿಯಮದಲ್ಲೇ ಹೆಂಗಸರನ್ನೂ ಸೇರಿಸಿಕೊಳ್ಳಬೇಕು, ಮತ್ತೆ ಸೇರುವವರೆಲ್ಲ ಮೊದಲೇ ಪದವಿ ಪಡೆದಿರಬೇಕು. ಟ್ರಸ್ಟಿಗಳು ಗೊಣಗಿದರು, ಕೊನೆಗೆ ಒಪ್ಪಿದರು. 1893ರಲ್ಲಿ ಕಾಲೇಜು ಶುರುವಾಯಿತು. ಇಡೀ ಅಮೆರಿಕದ ವೈದ್ಯಕೀಯ ಶಿಕ್ಷಣದ ಮಟ್ಟ ಏರಿದ್ದರಲ್ಲಿ ಆ ಷರತ್ತಿನ ಪಾಲು ದೊಡ್ಡದು.

ಇನ್ನೊಂದು ತುದಿಯಲ್ಲಿ ಸ್ಯಾಕ್ಲರ್ ಕುಟುಂಬ. ಎಷ್ಟೋ ಜನರಿಗೆ ಚಟ ಹತ್ತಿಸಿದ ಆಕ್ಸಿಕಾಂಟಿನ್ ಎಂಬ ನೋವಿನ ಮಾತ್ರೆ ಮಾರಿದ ಪರ್ಡ್ಯೂ ಫಾರ್ಮಾ ಅವರದಾಗಿತ್ತು. ಅವರ ಹೆಸರು ಎಷ್ಟೋ ವಿಶ್ವವಿದ್ಯಾಲಯಗಳ ಗೋಡೆಯ ಮೇಲಿತ್ತು. 2019ರ ಡಿಸೆಂಬರ್‌ನಲ್ಲಿ ಟಫ್ಟ್ಸ್ ವಿಶ್ವವಿದ್ಯಾಲಯ ತನ್ನ ವೈದ್ಯಕೀಯ ಕಟ್ಟಡ, ಕಾರ್ಯಕ್ರಮಗಳಿಂದ ಆ ಹೆಸರನ್ನು ಕಿತ್ತುಹಾಕಿತು. ಈ ಹೆಸರಿನಡಿ ಓದುವುದೇ ನಾಚಿಕೆ ಅಂತ ವಿದ್ಯಾರ್ಥಿಗಳೇ ಹೇಳುವ ಮಟ್ಟಕ್ಕೆ ಹೋಗಿತ್ತು. ಅದಕ್ಕೇ ಈಗ ದೇಣಿಗೆಯ ಒಪ್ಪಂದದಲ್ಲಿ, ದಾನಿಯ ಹೆಸರು ಕೆಟ್ಟರೆ ಬೋರ್ಡು ತೆಗೆಯುವ ಹಕ್ಕು ನಮ್ಮದು ಅನ್ನುವ ಸಾಲು ಬರೆಸಿಕೊಳ್ಳುತ್ತಾರೆ. ಅದನ್ನು ಕೇಳುವುದು ಮುಜುಗರದ ಕೆಲಸ, ಆದರೆ ಮುಖ್ಯಸ್ಥರಿಗೆ ಸಂಬಳ ಕೊಡುವುದೇ ಇಂಥ ಮುಜುಗರದ ಮಾತಾಡಲಿಕ್ಕೆ. ಹೆಸರಿಗೂ ಅಲ್ಲಿ ಬೆಲೆ ನಿಗದಿಯಾಗಿದೆ. 2002ರಲ್ಲಿ ಡೇವಿಡ್ ಗೆಫನ್ 20 ಕೋಟಿ ಡಾಲರ್ ಕೊಟ್ಟರು, ಯುಸಿಎಲ್‌ಎ ಮೆಡಿಕಲ್ ಕಾಲೇಜಿಗೆ ಅವರ ಹೆಸರು ಬಂತು. ಗಾಟ್ಸ್‌ಮನ್ ಅದರ ಐದು ಪಟ್ಟು ಕೊಟ್ಟು, ಐನ್‌ಸ್ಟೈನ್ ಹೆಸರು ಹಾಗೇ ಇರಲಿ ಅಂದರು.

ಈಗ ಲೆಕ್ಕಕ್ಕೆ ಬರೋಣ. ಗಾಟ್ಸ್‌ಮನ್ ಕೊಟ್ಟ 100 ಕೋಟಿ ಡಾಲರನ್ನು ಯಾರೂ ಖರ್ಚು ಮಾಡುವುದಿಲ್ಲ. ಅದು ಇಡುಗಂಟು. ಅಲ್ಲಿನ ರೂಢಿಯಂತೆ ವರ್ಷಕ್ಕೆ ನಾಲ್ಕೂವರೆ ಪರ್ಸೆಂಟ್ ತೆಗೆದರೂ 4.5 ಕೋಟಿ ಡಾಲರ್ ಆಯಿತು. ಆಗ ಒಬ್ಬರಿಗೆ ವರ್ಷದ ಶುಲ್ಕ ಸುಮಾರು 59 ಸಾವಿರ ಡಾಲರ್ ಇತ್ತು, ಎಂಡಿ (ಅಲ್ಲಿ ಡಾಕ್ಟರಾಗಲು ಓದುವ ಮೊದಲ ವೈದ್ಯಕೀಯ ಪದವಿ ಅದೇ) ಓದುವವರು ಏಳುನೂರರ ಆಸುಪಾಸು. ಗುಣಿಸಿ ನೋಡಿ, ಲೆಕ್ಕ ಸರಿಹೋಗುತ್ತದೆ. ಯಾವ ವರ್ಷವೂ ಯಾರ ಮುಂದೆಯೂ ಕೈಚಾಚಬೇಕಿಲ್ಲ.

ಇಷ್ಟಾದರೂ ಗುರಿ ಮುಟ್ಟಿತು ಅಂತ ಹೇಳಲಾಗದು. ನ್ಯೂಯಾರ್ಕ್ ಯೂನಿವರ್ಸಿಟಿಯ ಮೆಡಿಕಲ್ ಕಾಲೇಜು 2018ರಲ್ಲೇ ಎಲ್ಲರಿಗೂ ಶುಲ್ಕ ಮನ್ನಾ ಮಾಡಿತ್ತು. 60 ಕೋಟಿ ಡಾಲರ್ ಗುರಿ, ಅದರಲ್ಲಿ 10 ಕೋಟಿ ಕೆನ್ ಲ್ಯಾಂಗೋನ್ ದಂಪತಿಯದು. ಶುಲ್ಕ ಇಲ್ಲ ಅಂದಕೂಡಲೇ ಅರ್ಜಿಗಳು ನುಗ್ಗಿದವು, ಪೈಪೋಟಿ ಏರಿತು, ಅತಿ ಹೆಚ್ಚು ಅಂಕ ಬಂದವರಿಗೇ ಸೀಟು ಸಿಕ್ಕಿತು. ಬಡ ಮನೆಗಳಿಂದ ಬಂದವರ ಪಾಲು ನಂತರದ ವರ್ಷಗಳಲ್ಲಿ ಏರುವ ಬದಲು ಇಳಿಯಿತು. 2024ರ ಜುಲೈನಲ್ಲಿ ಮೈಕೆಲ್ ಬ್ಲೂಮ್‌ಬರ್ಗ್ ಜಾನ್ಸ್ ಹಾಪ್ಕಿನ್ಸ್‌ಗೆ 100 ಕೋಟಿ ಡಾಲರ್ ಕೊಟ್ಟಾಗ ಇದನ್ನು ಬೇರೆ ರೀತಿ ಹೊಂದಿಸಿದರು. ಮನೆಯ ವರ್ಷದ ಆದಾಯ 3 ಲಕ್ಷ ಡಾಲರ್‌ಗಿಂತ ಕಡಿಮೆ ಇದ್ದರೆ ಶುಲ್ಕ ಇಲ್ಲ, 1.75 ಲಕ್ಷಕ್ಕಿಂತ ಕಡಿಮೆ ಇದ್ದರೆ ಊಟ ವಸತಿ ಖರ್ಚೂ ಕೊಡುತ್ತಾರೆ. ಇದ್ದವರ ಮಕ್ಕಳಿಗೆ ಉಚಿತ ಯಾಕೆ? ನನಗೆ ಈ ದಾರಿ ಹೆಚ್ಚು ಸರಿ ಕಾಣುತ್ತದೆ. ಅಂದರೆ ದೇಣಿಗೆ ತರುವವರಿಗೆ ದಾನಿಯ ಮನಸ್ಸಷ್ಟೇ ಗೊತ್ತಿದ್ದರೆ ಸಾಲದು, ಸೀಟು ಹಂಚಿಕೆ ಹೇಗೆ ನಡೆಯುತ್ತದೆ ಅನ್ನೋದೂ ಗೊತ್ತಿರಬೇಕು.

ಬೆಂಗಳೂರಿಗೆ ಬರೋಣ. 2022ರ ಫೆಬ್ರವರಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, ನಮ್ಮ ಟಾಟಾ ಇನ್‌ಸ್ಟಿಟ್ಯೂಟ್, ತನ್ನ ಹೊಸ ಸ್ನಾತಕೋತ್ತರ ವೈದ್ಯಕೀಯ ಶಾಲೆಗೆ 425 ಕೋಟಿ ರೂಪಾಯಿ ದೇಣಿಗೆ ಬಂದಿದೆ ಎಂದು ಪ್ರಕಟಿಸಿತು. ಸಂಸ್ಥೆಗೆ ಅಲ್ಲಿಯವರೆಗೆ ಬಂದಿದ್ದ ಖಾಸಗಿ ದೇಣಿಗೆಗಳಲ್ಲೇ ಅದು ಅತಿ ದೊಡ್ಡದು. ಕೊಟ್ಟವರು ಮೈಂಡ್‌ಟ್ರೀ ಎಂಬ ಸಾಫ್ಟ್‌ವೇರ್ ಕಂಪನಿ ಕಟ್ಟಿದ ಸುಬ್ರತೋ ಬಾಗ್ಚಿ ಮತ್ತು ಎನ್.ಎಸ್. ಪಾರ್ಥಸಾರಥಿ, ಅವರ ಪತ್ನಿಯರಾದ ಸುಸ್ಮಿತಾ ಹಾಗೂ ರಾಧಾ. ಬಾಗ್ಚಿ ದಂಪತಿ ಅದಕ್ಕೂ ಮುಂಚೆ ಭುವನೇಶ್ವರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಮತ್ತು ಉಪಶಮನ ಆರೈಕೆ ಕೇಂದ್ರಕ್ಕೆ, ಬೆಂಗಳೂರಿನ ಶಂಕರ ಕ್ಯಾನ್ಸರ್ ಫೌಂಡೇಶನ್ ಹಾಗೂ ಕರುಣಾಶ್ರಯದ ಮೂಲಕ, 340 ಕೋಟಿ ಕೊಡುವುದಾಗಿ ಹೇಳಿದ್ದರು. ವಿಜ್ಞಾನ ಸಂಸ್ಥೆಯ ಆವರಣದ ಆಸ್ಪತ್ರೆಗೆ 832 ಹಾಸಿಗೆ, ಹೆಸರು ಬಾಗ್ಚಿ-ಪಾರ್ಥಸಾರಥಿ ಆಸ್ಪತ್ರೆ. ಅಲ್ಲಿ ಎಂಬಿಬಿಎಸ್ ಇಲ್ಲ. ಎಂಡಿ, ಎಂಎಸ್, ಜೊತೆಗೆ ಎಂಡಿ-ಪಿಎಚ್‌ಡಿ. ಡಾಕ್ಟರನ್ನೂ ಎಂಜಿನಿಯರನ್ನೂ ಒಂದೇ ಲ್ಯಾಬಿನಲ್ಲಿ ಕೂರಿಸುವ ಯೋಚನೆ.

ಆ ಆವರಣಕ್ಕೆ ದೊಡ್ಡ ದೇಣಿಗೆ ಹೊಸದೇನಲ್ಲ. ಜೆ.ಎನ್. ಟಾಟಾ ಆಸ್ತಿ ಮುಡಿಪಿಟ್ಟರು, ಮೈಸೂರು ಅರಮನೆ 371 ಎಕರೆ ಜಾಗ ಕೊಟ್ಟಿತು, ಜೊತೆಗೆ ವರ್ಷಕ್ಕೆ 50 ಸಾವಿರ ರೂಪಾಯಿಯನ್ನೂ ಕೊಟ್ಟಿತು. ಜಾಗದ ಜೊತೆ ವರ್ಷಾಶನ ಬಂತು ಅನ್ನೋದನ್ನು ಗಮನಿಸಿ. ನೂರಾ ಚಿಲ್ಲರೆ ವರ್ಷದ ಹಿಂದೆಯೇ ಮೈಸೂರಿನವರಿಗೆ ಇದು ಹೊಳೆದಿತ್ತು.

ಈಗ ಆ 425 ಕೋಟಿಯನ್ನು ಕಟ್ಟಡಕ್ಕೆ ಹಾಕದೆ ಇಡುಗಂಟು ಮಾಡಿದ್ದರೆ? ಅದೇ ನಾಲ್ಕೂವರೆ ಪರ್ಸೆಂಟ್ ಲೆಕ್ಕದಲ್ಲಿ ವರ್ಷಕ್ಕೆ 19 ಕೋಟಿ. 832 ಹಾಸಿಗೆಯ ಆಸ್ಪತ್ರೆಯ ಸಂಬಳಕ್ಕೂ ಅದು ಸಾಲದು. ಹಾಗಾಗಿ ಕಟ್ಟಡಕ್ಕೆ ಕೊಟ್ಟದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ, ಆಸ್ಪತ್ರೆ ಇಲ್ಲದೆ ಮೆಡಿಕಲ್ ಕಾಲೇಜೇ ಇಲ್ಲ. ಆದರೆ ಆಸ್ಪತ್ರೆ ಅಂದರೆ ಆನೆ, ಕೊಂಡು ತರುವುದಕ್ಕಿಂತ ಸಾಕುವುದು ದುಬಾರಿ. ಸಾಕುವ ದುಡ್ಡು ಬರುವ ದಾರಿ ಮೂರೇ. ರೋಗಿಗಳ ಬಿಲ್ಲು, ಸರ್ಕಾರದ ಅನುದಾನ, ಇಲ್ಲವೇ ಮುಂದಿನ ದಾನಿಗಳು. ಬಿಲ್ಲನ್ನೇ ನೆಚ್ಚಿಕೊಂಡರೆ ಸಂಶೋಧನೆ ಮಾಡಬೇಕಾದ ಡಾಕ್ಟರು ದಿನವಿಡೀ ಓಪಿಡಿಯಲ್ಲೇ ಕೂರಬೇಕಾಗುತ್ತದೆ. ಹಾಗಾಗಬಾರದು ಅಂದರೆ ಪ್ರೊಫೆಸರ್ ಹುದ್ದೆಗೊಂದು ನಿಧಿ, ಪಿಎಚ್‌ಡಿ ಮಾಡುವ ವೈದ್ಯರಿಗೆ ಫೆಲೋಶಿಪ್, ಬಡ ರೋಗಿಗಳಿಗೊಂದು ನಿಧಿ ಬೇಕು. ಇವಕ್ಕೆ ರಿಬ್ಬನ್ ಕತ್ತರಿಸುವ ದಿನ ಇಲ್ಲ, ಫೋಟೊ ಚೆನ್ನಾಗಿ ಬರುವುದಿಲ್ಲ. ಇವಕ್ಕೆ ದುಡ್ಡು ತರುವವರೇ ನಿಜವಾದ ಕಸುಬುದಾರರು.

ನಮ್ಮ ಕಾನೂನೂ ಇದಕ್ಕೆ ಅಷ್ಟಾಗಿ ನೆರವಾಗುವುದಿಲ್ಲ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಿಎಸ್‌ಆರ್‌ಗೆ, ಅಂದರೆ ಸಾಮಾಜಿಕ ಹೊಣೆಯ ಕೆಲಸಗಳಿಗೆ, ಖರ್ಚು ಮಾಡಬೇಕು. ಬೆಂಗಳೂರಿನಷ್ಟು ಕಂಪನಿ ಇರುವ ಊರಿಗೆ ಇದು ದೊಡ್ಡ ಮೊತ್ತ. ಆದರೆ 2021ರಿಂದ ಈ ಹಣವನ್ನು ಇಡುಗಂಟಿಗೆ ಹಾಕುವಂತಿಲ್ಲ, ಗೊತ್ತಾದ ಯೋಜನೆಗೆ ಗೊತ್ತಾದ ಅವಧಿಯಲ್ಲಿ ಖರ್ಚಾಗಿಬಿಡಬೇಕು. ಹಾಗಾಗಿ ಸಿಎಸ್‌ಆರ್ ಅಧಿಕಾರಿಗೆ ಎಂಆರ್‌ಐ ಯಂತ್ರ ಕೊಡುವುದು ಸುಲಭ, ಅದನ್ನು ನಡೆಸುವ ಟೆಕ್ನೀಷಿಯನ್‌ಗೆ ಹತ್ತು ವರ್ಷ ಸಂಬಳ ಕೊಡುವುದು ಕಷ್ಟ. ಇಡುಗಂಟು ಬೇಕೆಂದರೆ ಮನುಷ್ಯರ ಸ್ವಂತ ಜೇಬಿಗೇ ಹೋಗಬೇಕು.

ಅಮೆರಿಕ, ಇಂಗ್ಲೆಂಡಿನಲ್ಲಿ ನೆಲೆಸಿದ ಕನ್ನಡದ ಡಾಕ್ಟರುಗಳಿದ್ದಾರಲ್ಲ? ಇದ್ದಾರೆ. ಮೈಸೂರು, ಬೆಂಗಳೂರು, ಹುಬ್ಬಳ್ಳಿಯ ಸರ್ಕಾರಿ ಕಾಲೇಜಿನಲ್ಲಿ ಚಿಲ್ಲರೆ ಫೀಸಿಗೆ ಓದಿ ಹೋದವರು, ಋಣ ತೀರಿಸುವ ಮನಸ್ಸೂ ಇರುವವರು. ಅಲ್ಲೊಂದು ತೊಡಕು: ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಅಲ್ಲಿನ ಪೌರತ್ವ ಪಡೆದು ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಹೊಂದಿರುವವರು ಕೊಟ್ಟರೆ ಅದು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಫ್‌ಸಿಆರ್‌ಎ ಅಡಿ ಬರುತ್ತದೆ. ಪಡೆಯುವ ಟ್ರಸ್ಟಿಗೆ ನೋಂದಣಿ ಬೇಕು, 2020ರ ತಿದ್ದುಪಡಿಯ ನಂತರ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಹಣ ಬರಬೇಕು. ಮೂವತ್ತು ವರ್ಷ ಅಲ್ಲಿದ್ದವರಲ್ಲಿ ಬಹಳಷ್ಟು ಜನರಿಗೆ ಅಲ್ಲಿನ ಪೌರತ್ವ ಇದ್ದೇ ಇರುತ್ತದೆ. ಕೊಡಬೇಕು ಅನಿಸಿದ ದಿನ ಫೋನ್ ಮಾಡಿದರೆ, ಯಾವ ಖಾತೆಗೆ, ಯಾವ ಫಾರಂ, ರಸೀದಿ ಯಾರು ಕೊಡುತ್ತಾರೆ ಅಂತ ಹೇಳುವವರು ಕಾಲೇಜಿನಲ್ಲಿ ಇರಬೇಕಲ್ಲ?

ಖಾಸಗಿ ಕಾಲೇಜುಗಳ ಸಮಸ್ಯೆ ಬೇರೆ. 1953ರಲ್ಲಿ ಟಿ.ಎಂ.ಎ. ಪೈ ಮಣಿಪಾಲದಲ್ಲಿ ಕೆಎಂಸಿ ತೆರೆದಾಗ, ಓದುವವರಿಂದಲೇ ಹಣ ಪಡೆದು ಕಾಲೇಜು ನಡೆಸುವ ದಾರಿ ತೋರಿಸಿದರು. ಆ ಕಾಲಕ್ಕೆ ಅದು ಸಾಹಸವೇ. ಆಮೇಲೆ ಬಂದ ಎಷ್ಟೋ ಜನ ಅದನ್ನು ಸೀಟು ಮಾರುವ ಅಂಗಡಿ ಮಾಡಿಕೊಂಡರು. ಸೀಟಿಗಾಗಿ ಹೀಗೆ ಹೆಚ್ಚುವರಿ ಹಣ ಪಡೆಯುವುದನ್ನು ತಡೆಯಲು ಕರ್ನಾಟಕ 1984ರಲ್ಲೇ ಕ್ಯಾಪಿಟೇಶನ್ ನಿಷೇಧ ಕಾಯ್ದೆ ತರಬೇಕಾಯಿತು, 1992ರಲ್ಲಿ ಇದೇ ವಿಷಯದ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ತೀರ್ಪು ಕೊಡಬೇಕಾಯಿತು. ಮಗನ ಸೀಟಿಗೆ ಲಕ್ಷಗಟ್ಟಲೆ ಸುರಿದ ಮನೆಯವರ ಮುಂದೆ ಇಪ್ಪತ್ತು ವರ್ಷದ ನಂತರ ಹೋಗಿ ನಮ್ಮ ಕಾಲೇಜಿಗೆ ಏನಾದರೂ ಕೊಡಿ ಅಂದರೆ ಏನು ಹೇಳಿಯಾರು? ನಾವು ಆಗಲೇ ಕೊಟ್ಟಾಗಿದೆ ಅನ್ನುತ್ತಾರೆ.

ಹಾಗಾಗಿ ನನ್ನ ಕಣ್ಣಿರುವುದು ಸರ್ಕಾರಿ ಮೆಡಿಕಲ್ ಕಾಲೇಜುಗಳ ಮೇಲೆ. ಅಲ್ಲಿ ಋಣ ಇದೆ, ರೋಗಿಗಳ ಪ್ರೀತಿ ಇದೆ, ಹೆಸರು ಇದೆ. ಇಲ್ಲದಿರುವುದು ವಿಶ್ವಾಸದಿಂದ ಹಣ ಹಾಕಬಹುದಾದ ಒಂದು ಖಾತೆ ಮತ್ತು ನಾಲ್ಕಾರು ವರ್ಷ ಒಂದೇ ಕುರ್ಚಿಯಲ್ಲಿ ಕೂರುವ ಒಬ್ಬ ಮನುಷ್ಯ. ಸರ್ಕಾರ ಬದಲಾದರೆ ನಿರ್ದೇಶಕರೂ ಬದಲಾಗುತ್ತಾರೆ, ಹಳೆಯ ದಾನಿಯ ಫೈಲು ಯಾವ ಬೀರುವಿನಲ್ಲಿದೆ ಅಂತ ಹೊಸಬರಿಗೆ ಗೊತ್ತಿರುವುದಿಲ್ಲ. ಜಯದೇವ ಹೃದ್ರೋಗ ಸಂಸ್ಥೆಗೆ ಇನ್ಫೊಸಿಸ್ ಫೌಂಡೇಶನ್ 350 ಹಾಸಿಗೆಯ ಹೊಸ ಕಟ್ಟಡ ಕಟ್ಟಿಸಿಕೊಟ್ಟಿತು. ನಮ್ಮ ದಾನಿಗಳು ಹೀಗೆ ತಾವೇ ಕಟ್ಟಿಸಿ ಕೀಲಿ ಒಪ್ಪಿಸುವುದನ್ನು ಇಷ್ಟಪಡುತ್ತಾರೆ. ದುಡ್ಡು ಖಜಾನೆಗೆ ಹೋಗಿ ಎಲ್ಲೋ ಕರಗಿಬಿಟ್ಟೀತು ಅನ್ನುವ ಹೆದರಿಕೆ ಇದ್ದರೆ ಅದರಲ್ಲಿ ಅವರದ್ದೇನೂ ತಪ್ಪಿಲ್ಲ.

ಇದನ್ನು ಸರಿಮಾಡಲು ಹೊಸ ಕಾಯ್ದೆಯೇನೂ ಬೇಡ. ಕಾಲೇಜಿನ ಜೊತೆಗೇ, ಆದರೆ ಅದರ ದಿನದ ಖರ್ಚಿನಿಂದ ಬೇರೆಯಾಗಿ, ಒಂದು ಟ್ರಸ್ಟು. ಅದರಲ್ಲಿ ಹಳೆಯ ವಿದ್ಯಾರ್ಥಿಗಳು, ಒಬ್ಬ ಲೆಕ್ಕಪರಿಶೋಧಕರು, ಕಾಲೇಜಿನ ಇಬ್ಬರು ಪ್ರೊಫೆಸರು. ದಾನಿಗೆ ತೆರಿಗೆ ರಿಯಾಯಿತಿ ಕೊಡಿಸುವ ನೋಂದಣಿ, ಎಫ್‌ಸಿಆರ್‌ಎ ನೋಂದಣಿ. ವರ್ಷಕ್ಕೊಮ್ಮೆ ಪೈಸೆ ಪೈಸೆ ಲೆಕ್ಕ ವೆಬ್‌ಸೈಟಿಗೆ. ಯಾವ ಸರ್ಕಾರ ಬಂದರೂ ಐದು ವರ್ಷ ಅಲುಗಾಡದ, ಸಂಬಳದ ಮೇಲಿನ ಒಬ್ಬ ಮುಖ್ಯಸ್ಥೆ ಅಥವಾ ಮುಖ್ಯಸ್ಥ. ನಿಮಗೆ ದೊಡ್ಡ ಮೊತ್ತ ಸಿಕ್ಕರೆ ಏನು ಮಾಡುತ್ತೀರಿ ಎಂದು ಯಾರಾದರೂ ಕೇಳಿದ ದಿನ ಥಟ್ಟನೆ ಹೇಳಬಹುದಾದ ಒಂದು ಉತ್ತರವನ್ನು ಡೀನ್ ಜೊತೆ ಕೂತು ಮೊದಲೇ ತಯಾರು ಮಾಡಿಟ್ಟುಕೊಳ್ಳುವುದು ಅವರ ಮೊದಲ ತಿಂಗಳ ಕೆಲಸ. ಆ ಉತ್ತರ ಮತ್ತೊಂದು ಬ್ಲಾಕು ಅಂತ ಇದ್ದರೆ ಅದನ್ನು ಹರಿದು ಇನ್ನೊಮ್ಮೆ ಬರೆಯಲಿ.